ನಮೀಬಿಯಾದಲ್ಲಿ ಬಫಲೋ ಬೇಟೆಗೆ ಹೊರಟಿದ್ದೀರಾ? ಮೊದಲು ತೋಟಾ ಡಬ್ಬಿ ಓದಿ
ಕೋವಿಗೆ ಪೊಲೀಸ್ ಪರ್ಮಿಟ್ ಬೇಕು, ಜೊತೆಗೆ ಪರವಾನಗಿ ಇರುವ ಪ್ರೊಫೆಷನಲ್ ಹಂಟರ್ ಇರಬೇಕು. ಇದೆಲ್ಲ ನಿಮಗೆ ಗೊತ್ತೇ ಇದೆ. ಹೊಸದಾಗಿ ಬಂದ ನಮ್ಮವರು ಎಡವುವುದು ಇಲ್ಲಲ್ಲ. ಕೋವಿಯ ಹೆಸರು ಕೇಳಿ ದುಡ್ಡು ಸುರಿಯುತ್ತಾರೆ, ಅಲ್ಲೇ ಎಡವುತ್ತಾರೆ.

ಇಲ್ಲಿನ ಕಾನೂನು ನೋಡುವುದು ಗುಂಡು ನಳಿಗೆಯಿಂದ ಹೊರಬೀಳುವಾಗಿನ ಶಕ್ತಿಯನ್ನು. ಸ್ಪ್ರಿಂಗ್‌ಬಾಕ್‌ ಎಂಬ ಸಣ್ಣ ಜಿಂಕೆಗೆ ಕನಿಷ್ಠ 1,350 ಜೂಲ್, ಓರಿಕ್ಸ್‌ ಎಂಬ ದೊಡ್ಡ ಜಿಂಕೆಗೆ 2,700, ಬಫಲೋ ಮತ್ತು ಆನೆಗೆ 5,400.

ಈಗ ಉದಾಹರಣೆಗೆ 9.3×62 ಅನ್ನುವ ತೋಟಾ ನೋಡಿ. 1905ರದ್ದು, ಆಫ್ರಿಕಾದಲ್ಲಿ ಬೇಕಾದಷ್ಟು ಬಫಲೋ ಉರುಳಿಸಿದೆ. ಒದೆತವೂ ಕಡಿಮೆ. ಆದರೆ ಅದರ ಮಾಮೂಲಿ 286 ಗ್ರೇನ್ ತೂಕದ ಗುಂಡು ಸೆಕೆಂಡಿಗೆ 2,360 ಅಡಿ ವೇಗದಲ್ಲಿ ಹೊರಟರೆ ಸಿಗುವುದು ಸುಮಾರು 4,800 ಜೂಲ್. ಬಫಲೋ ಬೀಳುತ್ತದೆ, ಕಾನೂನು ಒಪ್ಪುವುದಿಲ್ಲ. ನಮ್ಮ ಸ್ನೇಹಿತರೊಬ್ಬರು ಇದೇ ಕೋವಿ ಹೊತ್ತು ಫಾರ್ಮ್‌ಗೆ ಹೋದರು. ಅಲ್ಲಿನ ಹಂಟರ್ ಡಬ್ಬಿ ತಿರುಗಿಸಿ ಒಂದು ಅಂಕಿಯ ಮೇಲೆ ಬೆರಳಿಟ್ಟು ತೋರಿಸಿದ, ಅಷ್ಟೇ. ಕೋವಿ ವಾಪಸ್ ಚೀಲಕ್ಕೆ ಹೋಯಿತು. ಬಾಡಿಗೆಗೆ .375 ಕ್ಯಾಲಿಬರ್ ಕೋವಿ, ಅದಕ್ಕೆ ಬೇರೆ ತೋಟಾ, ಗುರಿ ಕೂಡಿಸಲು ಅರ್ಧ ದಿನ. ಎಲ್ಲ ಜಾಸ್ತಿ ಖರ್ಚು.

.375 ಎಚ್ ಆ್ಯಂಡ್ ಎಚ್ (ಹಾಲೆಂಡ್ ಆ್ಯಂಡ್ ಹಾಲೆಂಡ್) ಇದೆ ಅಂತ ಸುಮ್ನೆ ಕೂರಬೇಡಿ. 300 ಗ್ರೇನ್ ಗುಂಡು 2,530 ಅಡಿಯಲ್ಲಿ 5,780 ಜೂಲ್ ಕೊಡುತ್ತದೆ. ಗಿಡ್ಡ ನಳಿಗೆ ಅಥವಾ ಸಪ್ಪೆ ತೋಟಾದಿಂದ ವೇಗ 2,400ಕ್ಕೆ ಇಳಿದರೆ 5,200 ಚಿಲ್ಲರೆ. ಅಲ್ಲಿಗೆ ಕಥೆ ಮುಗಿಯಿತು. ಅಮೆರಿಕದ ಡಬ್ಬಿಗಳಲ್ಲಿ ಫುಟ್-ಪೌಂಡ್ ಇರುತ್ತದೆ, 1.356ರಿಂದ ಗುಣಿಸಿ. ನೋಡಬೇಕಾದ್ದು ‘ಮಝಲ್’, ಅಂದರೆ ನಳಿಗೆಯ ಬಾಯಿಯ ಅಂಕಿ, 100 ಮೀಟರಿನದ್ದಲ್ಲ.

ನನ್ನ ಕೇಳಿದರೆ ಹತ್ತಿರದ ಜಿಂಬಾಬ್ವೆ ನಿಯಮವೇ ವಾಸಿ. ಅಲ್ಲಿ 5,300 ಜೂಲ್ ಜೊತೆಗೆ ಗುಂಡಿಗೆ 9.2 ಮಿ.ಮೀ. ದಪ್ಪವೂ ಬೇಕು. ನಮೀಬಿಯಾದ ಲೆಕ್ಕದಲ್ಲಿ ಅದಕ್ಕಿಂತ ತೆಳುವಾದ .338 ಲಪುವಾ ತೋಟಾ ಕೂಡ ಪಾಸು! ಅದರ ತೆಳು ಕವಚದ ಟಾರ್ಗೆಟ್ ಗುಂಡು ಬಫಲೋ ಭುಜದ ಮೂಳೆಗೆ ಬಡಿದರೆ ಪುಡಿಯಾಗಬಹುದು. ಗಾಯಗೊಂಡ ಬಫಲೋ ಪೊದೆಗೆ ನುಗ್ಗಿದರೆ ನಿಮ್ಮ ಜೂಲ್ ಕಾಪಾಡಲ್ಲ.

ಹಾಗಾಗಿ ಗುಂಡಿಗೆ ದುಡ್ಡು ಉಳಿಸಬೇಡಿ. ಬಫಲೋಗೆ ಮೊದಲ ಈಡು ಬಡಿದಾಗ ಅರಳುವ ಗಟ್ಟಿ ಗುಂಡು: ಸ್ವಿಫ್ಟ್ ಎ-ಫ್ರೇಮ್ ಅಥವಾ ಬಾರ್ನ್ಸ್ ಟಿಎಸ್‌ಎಕ್ಸ್ ಥರದ್ದು. ಹಿಂಡಿನಲ್ಲಿ ಮೊದಲೇ ಸಾಲಿಡ್ (ಅರಳದ ಗುಂಡು) ಹೊಡೆದರೆ ಆಚೆ ತೂರಿ ಹಿಂದಿನ ಪ್ರಾಣಿಗೂ ತಾಗಬಹುದು, ಅದರ ದುಡ್ಡೂ ನೀವೇ ಕಟ್ಟಬೇಕು. ಓಡುವಾಗ ಹೊಡೆಯುವ ಮುಂದಿನ ಈಡಿಗೆ ಸಾಲಿಡ್ ಇರಲಿ. ಆನೆಯ ತಲೆಗೆ ಸಾಲಿಡ್ ಬಿಟ್ಟು ಬೇರೆ ಯೋಚನೆಯೇ ಬೇಡ, ಚಪ್ಪಟೆ ಮೂತಿಯದ್ದಾದರೆ ನೇರ ಹೋಗುತ್ತದೆ. ಎರಡೂ ಬಗೆಯನ್ನು ಹೊರಡುವ ಮೊದಲೇ 50 ಮೀಟರಿನಲ್ಲಿ ಹೊಡೆದು ನೋಡಿ. ತೂಕ ಒಂದೇ ಇದ್ದರೂ ಒಂದೇ ಜಾಗಕ್ಕೆ ಬೀಳುತ್ತವೆ ಅನ್ನುವ ಗ್ಯಾರಂಟಿ ಇಲ್ಲ.