ಕಪ್ಪು-ಬಿಳುಪು ಪ್ರಿಂಟ್‌ಗೆ ಹಸಿರು ಬಂದರೆ ಏನು ಮಾಡಬೇಕು?

ಪರದೆ ಮೇಲೆ ಚೆನ್ನಾಗಿದ್ದ ಕಪ್ಪು-ಬಿಳುಪು ಫೋಟೊ, ಕಾಗದದ ಮೇಲೆ ತುಸು ಹಸಿರಾಗಿಯೋ ಗುಲಾಬಿಯಾಗಿಯೋ ಬರುತ್ತದೆ. ಕೂಡಲೇ ಫೋಟೊ ತಿದ್ದಲು ಕೂರಬೇಡಿ. ತಪ್ಪು ಹೆಚ್ಚಾಗಿ ಪ್ರಿಂಟರ್‌ನಲ್ಲೋ ಸೆಟ್ಟಿಂಗ್‌ನಲ್ಲೋ ಇರುತ್ತದೆ.

ಸಾಮಾನ್ಯ ಇಂಕ್‌ಜೆಟ್ ಬರೀ ಕಪ್ಪು ಇಂಕ್‌ನಿಂದ ಬೂದು ಬಣ್ಣ ಮಾಡುವುದಿಲ್ಲ. ಸಯಾನ್, ಮಜೆಂಟಾ, ಹಳದಿ ಮೂರನ್ನೂ ಬೆರೆಸುತ್ತದೆ. ಮಜೆಂಟಾ ಚೂರು ಕಡಿಮೆ ಬಿದ್ದರೆ ಹಸಿರು, ಹಳದಿ ಕಡಿಮೆಯಾದರೆ ನೀಲಿ, ಸಯಾನ್ ಕೈಕೊಟ್ಟರೆ ಕೆಂಪು. ಬಣ್ಣದ ಫೋಟೊದಲ್ಲಿ ಇದು ಮುಚ್ಚಿಹೋಗುತ್ತದೆ. ಬೂದಿನಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಹಾಗಾಗಿ ಮೊದಲ ಕೆಲಸ ನಾಝಲ್ ಚೆಕ್, ಅಂದರೆ ಇಂಕ್ ಚಿಮ್ಮುವ ಸಣ್ಣ ತೂತುಗಳು ಕಟ್ಟಿಕೊಂಡಿವೆಯೇ ಎಂದು ತಿಳಿಯುವ ಪರೀಕ್ಷಾ ಪ್ರಿಂಟ್. ಪ್ರಿಂಟ್ ಆದ ಗೆರೆಗಳನ್ನು ಒಳ್ಳೆ ಬೆಳಕಿನಲ್ಲಿ ನೋಡಿ. ಹಳದಿ ಗೆರೆ ಬೇಗ ಕಾಣುವುದಿಲ್ಲ, ಕಾಗದವನ್ನು ಓರೆ ಹಿಡಿದು ನೋಡಿ. ಎಲ್ಲಾದರೂ ತುಂಡಾಗಿದ್ದರೆ ಒಮ್ಮೆ ಹೆಡ್ ಕ್ಲೀನಿಂಗ್ (ಆ ತೂತುಗಳನ್ನು ಪ್ರಿಂಟರೇ ತೊಳೆಯುವ ಆಯ್ಕೆ) ಮಾಡಿ, ಮತ್ತೆ ಚೆಕ್ ಮಾಡಿ. ಸುಮ್ನೆ ಮೇಲಿಂದ ಮೇಲೆ ಕ್ಲೀನಿಂಗ್ ಮಾಡಿದರೆ ಇಂಕ್ ಖಾಲಿಯಾಗುತ್ತದೆ ಅಷ್ಟೇ. ಎರಡು ಸಲಕ್ಕೂ ಸರಿಹೋಗದಿದ್ದರೆ ಕೆಲವು ಗಂಟೆ ಬಿಟ್ಟು ನೋಡಿ.

ಗೆರೆ ಸರಿಯಿದ್ದೂ ಫೋಟೊದಲ್ಲಿ ಅಡ್ಡಪಟ್ಟಿ ಬಂದರೆ ಹೆಡ್ ಅಲೈನ್‌ಮೆಂಟ್ (ಇಂಕ್ ಬೀಳುವ ಜಾಗ ಸರಿಹೊಂದಿಸುವ ಆಯ್ಕೆ) ಮಾಡಿ.

ಆಮೇಲೆ ಪೇಪರ್ ಟೈಪ್, ಅಂದರೆ ಯಾವ ಕಾಗದ ಹಾಕಿದ್ದೀರಿ ಎಂದು ಪ್ರಿಂಟರ್‌ಗೆ ಹೇಳುವ ಸೆಟ್ಟಿಂಗ್. ಎಷ್ಟು ಇಂಕ್ ಸುರಿಯಬೇಕು, ಯಾವ ಕಪ್ಪು ಬಳಸಬೇಕು ಎಂಬುದೆಲ್ಲ ಇದನ್ನು ನೋಡಿಯೇ ತೀರ್ಮಾನವಾಗುತ್ತದೆ. ಗ್ಲಾಸಿ (ಹೊಳಪಿನ) ಪೇಪರ್ ಹಾಕಿ ಮ್ಯಾಟ್ (ಹೊಳಪಿಲ್ಲದ್ದು) ಎಂದು ಆರಿಸಿದರೆ ಮ್ಯಾಟ್ ಪೇಪರ್‌ನ ಕಪ್ಪು ಇಂಕ್ ಬೀಳಬಹುದು. ಅದು ಗ್ಲಾಸಿ ಮೇಲೆ ಹಿಡಿಯುವುದಿಲ್ಲ, ಬೆರಳಿಟ್ಟರೆ ಮಸಿ ಹತ್ತುತ್ತದೆ.

ಬಣ್ಣದ ಹೊಣೆ ಒಬ್ಬರಿಗೇ ಇರಲಿ. ಫೋಟೊ ಸಾಫ್ಟ್‌ವೇರ್‌ನಲ್ಲಿ ಪ್ರೊಫೈಲ್ (ಆ ಪ್ರಿಂಟರ್, ಆ ಪೇಪರ್‌ಗೆ ತಕ್ಕ ಬಣ್ಣದ ಫೈಲ್) ಆರಿಸಿದ್ದರೆ ಡ್ರೈವರ್‌ನಲ್ಲಿ (ಕಂಪ್ಯೂಟರ್‌ನಿಂದ ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ಬಣ್ಣ ತಿದ್ದುವುದನ್ನು ಆಫ್ ಮಾಡಿ. ಇಬ್ಬರೂ ತಿದ್ದಿದರೆ ಪ್ರಿಂಟ್ ಕೆಡುತ್ತದೆ. ನಿಮ್ಮ ಪ್ರಿಂಟರ್‌ನಲ್ಲಿ ಬೂದು ಇಂಕ್ ಇದೆಯಾ? ಹಾಗಿದ್ದರೆ ಡ್ರೈವರ್‌ನ ಕಪ್ಪು-ಬಿಳುಪು ಫೋಟೊ ಮೋಡ್ ಬಳಸುವುದೇ ಲೇಸು. ಬಣ್ಣದ ಇಂಕ್ ಅಲ್ಲಿ ಕಡಿಮೆ ಬೀಳುತ್ತದೆ, ಛಾಯೆಯೂ ಕಡಿಮೆ. ಬರೀ ಕಪ್ಪು ಇಂಕ್‌ನಿಂದ ಪ್ರಿಂಟ್ ಮಾಡುವ ಆಯ್ಕೆ ಫೋಟೊಗೆ ಬೇಡ. ಆಕಾಶ, ಕೆನ್ನೆಯಂಥ ತಿಳಿ ಜಾಗಗಳಲ್ಲಿ ಚುಕ್ಕಿ ಎದ್ದು ಕಾಣುತ್ತದೆ.

ಈಗ ಅಳತೆ. ಕಪ್ಪಿನಿಂದ ಬಿಳಿಯವರೆಗೆ ಶೇ 5ರ ಅಂತರದಲ್ಲಿ 21 ಚೌಕಗಳ ಪಟ್ಟಿ ಮಾಡಿ, ಅದನ್ನೇ ಪ್ರಿಂಟ್ ಮಾಡಿ. ಒಂದು ದಿನ ಒಣಗಲು ಬಿಡಿ, ಹಸಿ ಇಂಕ್ ಬೇರೆಯದೇ ಕಾಣುತ್ತದೆ. ಕಡುಕಪ್ಪಿನ ಕಡೆ ಮೂರ್ನಾಲ್ಕು ಚೌಕ ಒಂದರಲ್ಲೊಂದು ಸೇರಿಹೋಗಿದ್ದರೆ, ಫೋಟೊ ಸಾಫ್ಟ್‌ವೇರ್‌ನ ಕರ್ವ್‌ನಲ್ಲಿ (ಕಪ್ಪು-ಬಿಳುಪಿನ ಮಟ್ಟ ತಿದ್ದುವ ಗೆರೆ) ಆ ಭಾಗವನ್ನಷ್ಟೇ ಸ್ವಲ್ಪ ಎತ್ತಿ. ಆ ಕರ್ವ್ ಅನ್ನು ಪೇಪರ್‌ನ ಹೆಸರಲ್ಲಿ ಸೇವ್ ಮಾಡಿಡಿ, ಮೂಲ ಫೋಟೊ ಹಾಗೇ ಇರಲಿ. ಮ್ಯಾಟ್ ಪೇಪರ್‌ನಲ್ಲಿ ಗ್ಲಾಸಿಯಷ್ಟು ಗಾಢ ಕಪ್ಪು ಬರುವುದಿಲ್ಲ, ಅದಕ್ಕಾಗಿ ಗುದ್ದಾಡಬೇಡಿ.

ಪಟ್ಟಿ ಸರಿಯಿದ್ದೂ ಫೋಟೊ ಮಂಕಾಗಿದ್ದರೆ ಮಾನಿಟರ್ ಮೇಲೆ ಅನುಮಾನ ಪಡಿ. ತುಂಬಾ ಜನರ ಪರದೆ ಬೇಕಾದ್ದಕ್ಕಿಂತ ಜಾಸ್ತಿ ಬೆಳಗುತ್ತಿರುತ್ತದೆ. ಪ್ರಿಂಟ್‌ಗೆ ಚದರ ಮೀಟರ್‌ಗೆ 80ರಿಂದ 120 ಕ್ಯಾಂಡೆಲಾ (ಪರದೆಯ ಬೆಳಕಿನ ಅಳತೆ) ಸಾಕು.

ಹಗಲಲ್ಲಿ ಸರಿಯಿದ್ದ ಪ್ರಿಂಟ್ ರಾತ್ರಿ ದೀಪದಡಿ ಗುಲಾಬಿ ಕಂಡರೆ ಪ್ರಿಂಟರ್ ಮುಟ್ಟಬೇಡಿ. ಬಣ್ಣದ ಇಂಕ್ ಬೆರೆಸಿ ಮಾಡಿದ ಬೂದು, ಬೆಳಕು ಬದಲಾದಂತೆ ಬೇರೆಯಾಗಿ ಕಾಣುತ್ತದೆ. ಫೋಟೊ ಎಲ್ಲಿ ತೂಗುಹಾಕುತ್ತೀರೋ ಆ ಗೋಡೆಯ ಬೆಳಕಿನಲ್ಲೇ ನೋಡಿ ತೀರ್ಮಾನಿಸಿ.