ಅಪ್‌ಡೇಟ್‌ಗೆ ಒಂದು ಭಾನುವಾರ ಗೊತ್ತು ಮಾಡಿಕೊಂಡೆ

ತಿಪಟೂರಿನಲ್ಲಿ ನನ್ನದೊಂದು ಡಿಟಿಪಿ, ಜೆರಾಕ್ಸ್ ಅಂಗಡಿ ಇದೆ. ಆನ್‌ಲೈನ್ ಅರ್ಜಿಗಳನ್ನೂ ಹಾಕಿಕೊಡುತ್ತೇನೆ. ಮೂರು ಕಂಪ್ಯೂಟರ್, ಒಂದು ಲೇಸರ್ ಪ್ರಿಂಟರ್, ಒಂದು ಕಲರ್ ಪ್ರಿಂಟರ್. ಇಷ್ಟರಲ್ಲೇ ದಿನ ನಡೆಯಬೇಕು. ಒಂದು ಗಂಟೆ ಕಂಪ್ಯೂಟರ್ ನಿಂತರೆ ನನ್ನ ವ್ಯಾಪಾರ ಹೋಗುವುದು ಬೇರೆ ಮಾತು, ಯಾರದೋ ಅರ್ಜಿಯ ಕೊನೇ ದಿನ ದಾಟಿ ಹೋಗುತ್ತದೆ. ಅದಕ್ಕೇ ಈ ವಿಂಡೋಸ್ ಅಪ್‌ಡೇಟ್ ವಿಷಯದಲ್ಲಿ ನಾನು ಪಟ್ಟ ಪಾಡನ್ನೂ ಕಂಡುಕೊಂಡ ದಾರಿಯನ್ನೂ ಬರೆಯುತ್ತಿದ್ದೇನೆ.

2021ರ ಸೆಪ್ಟೆಂಬರ್. ಗಣೇಶ ಹಬ್ಬ ಮುಗಿದು ನಾಲ್ಕೈದು ದಿನ ಆಗಿತ್ತು. ಬುಧವಾರ ಬೆಳಗ್ಗೆ ಅಂಗಡಿ ತೆಗೆದು ಕಂಪ್ಯೂಟರ್ ಆನ್ ಮಾಡಿದರೆ ಅಪ್‌ಡೇಟ್ ಶುರುವಾಗಿತ್ತು. ಆಫ್ ಮಾಡಬೇಡಿ ಅನ್ನುವ ಸಾಲು, ಕೆಳಗೆ ಶೇಕಡಾ 27. ಅಲ್ಲೇ ಹತ್ತು ನಿಮಿಷ ನಿಂತಿತು. ಎದುರಿಗೆ ಹಾಸ್ಟೆಲ್ ಅರ್ಜಿ ಹಿಡಿದುಕೊಂಡ ಒಬ್ಬಳು ಹುಡುಗಿ.

"ಅಣ್ಣಾ, ಇವತ್ತು ಸಂಜೆ ಒಳಗೆ ಕಾಲೇಜಲ್ಲಿ ಕೊಡಬೇಕು."

"ಕೂತ್ಕೊಳಮ್ಮ, ಆಗುತ್ತೆ."

ಹೇಗೋ ಆನ್ ಆಯಿತು. ಅರ್ಜಿ ತುಂಬಿದೆ, ಪ್ರಿಂಟ್ ಕೊಟ್ಟೆ. ಬರಲಿಲ್ಲ. ಲೇಸರ್ ಪ್ರಿಂಟರ್ ಮುಂದಿನ ಕಂಪ್ಯೂಟರ್‌ಗೆ ಯುಎಸ್‌ಬಿಯಲ್ಲಿ ಸೇರಿತ್ತು. ಒಳಗಿನ ಎರಡು ಕಂಪ್ಯೂಟರ್‌ಗಳು ಅದನ್ನು ಶೇರ್ ಮಾಡಿಕೊಂಡು ಬಳಸುತ್ತಿದ್ದವು. ಈಗ ಆ ಎರಡರಲ್ಲೂ ಕೊನೆಗೆ 11ಬಿ ಅಂತ ಬರುವ ಒಂದು ಎರರ್. ಪ್ರಿಂಟರ್ ತೆಗೆದು ಮತ್ತೆ ಸೇರಿಸಿದೆ, ಡ್ರೈವರ್ ಹೊಸದಾಗಿ ಹಾಕಿದೆ, ಮೂರು ಸಲ ರೀಸ್ಟಾರ್ಟ್ ಮಾಡಿದೆ. ಕಡೆಗೆ ಪಿಡಿಎಫ್ ಮಾಡಿ ಪೆನ್‌ಡ್ರೈವ್‌ನಲ್ಲಿ ಮುಂದಿನ ಕಂಪ್ಯೂಟರ್‌ಗೆ ಒಯ್ದು ಪ್ರಿಂಟ್ ತೆಗೆದೆ. ಆ ಹುಡುಗಿಗೆ ಬಸ್ ಸಿಕ್ಕಿತು. ನಾನು ಮಾತ್ರ ಎರಡು ದಿನ ಪೆನ್‌ಡ್ರೈವ್ ಹಿಡಿದುಕೊಂಡು ಅತ್ತಿಂದಿತ್ತ ಓಡಾಡಿದೆ.

ಆಮೇಲೆ ಕೂತು ಓದಿದಾಗ ಕಾರಣ ತಿಳಿಯಿತು. ಅದೇ ವರ್ಷದ ಜೂನ್ ಕೊನೆಗೆ, ಪ್ರಿಂಟ್ ಕೆಲಸ ನೋಡಿಕೊಳ್ಳುವ ಸ್ಪೂಲರ್‌ನಲ್ಲಿ ದೊಡ್ಡ ತೂತೊಂದು ಸಿಕ್ಕಿತ್ತು. ಪ್ರಿಂಟ್‌ನೈಟ್‌ಮೇರ್ ಅಂತ ಅದಕ್ಕೆ ಹೆಸರು. ಅದರ ಮೂಲಕ ಹೊರಗಿನವರು ಇಡೀ ಕಂಪ್ಯೂಟರನ್ನೇ ಕೈಗೆ ತೆಗೆದುಕೊಳ್ಳಬಹುದಿತ್ತು. ಸ್ಪೂಲರ್‌ನ ಇಂಥ ತೂತುಗಳನ್ನು ಒಂದೊಂದಾಗಿ ಮುಚ್ಚುತ್ತಾ ಹೋದಂತೆ, ಪ್ರಿಂಟರ್ ಶೇರ್ ಮಾಡುವ ಕಂಪ್ಯೂಟರ್ ಮತ್ತು ಅದನ್ನು ಬಳಸುವ ಕಂಪ್ಯೂಟರ್ ನಡುವಿನ ನಿಯಮ ಬಿಗಿಯಾಯಿತು. ನಮ್ಮಂಥ ಸಣ್ಣ ಅಂಗಡಿಗಳ ಪ್ರಿಂಟ್ ನಿಂತದ್ದು ಅಲ್ಲಿ. ವಿಂಡೋಸ್‌ನ ಒಳಗಿನ ಸೆಟ್ಟಿಂಗ್‌ಗಳೆಲ್ಲ ಇರುವ ರಿಜಿಸ್ಟ್ರಿಯಲ್ಲಿ ಒಂದು ಸಂಖ್ಯೆ ಬದಲಿಸಿದರೆ ಸರಿಹೋಗುತ್ತದೆ ಅಂತ ತುಂಬಾ ಜನ ಹೇಳಿದರು. ಹೋಗುತ್ತದೆ, ನಿಜ. ಆದರೆ ಮುಚ್ಚಿದ ತೂತನ್ನು ನಾವೇ ಮತ್ತೆ ತೆರೆದ ಹಾಗೆ. ಜನರ ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲ ನನ್ನ ಕಂಪ್ಯೂಟರ್‌ನಲ್ಲಿ ಸ್ಕ್ಯಾನ್ ಆಗುತ್ತವೆ. ನನಗೆ ಮನಸ್ಸು ಒಪ್ಪಲಿಲ್ಲ.

ಪ್ರಿಂಟರ್ ಹಿಂದೆ ಲ್ಯಾನ್ ಕೇಬಲ್ ಹಾಕುವ ಜಾಗ ಇತ್ತು. ಅಷ್ಟು ವರ್ಷ ಅದನ್ನು ಬಳಸಿಯೇ ಇರಲಿಲ್ಲ. ಐದು ಮೀಟರ್ ಕೇಬಲ್ ತಂದು ನೇರ ರೂಟರ್‌ಗೆ ಸೇರಿಸಿದೆ. ಪ್ರಿಂಟರ್‌ಗೆ ಬದಲಾಗದ ಒಂದು ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಕೊಟ್ಟು, ಮೂರೂ ಕಂಪ್ಯೂಟರ್‌ಗಳಲ್ಲಿ ಆ ವಿಳಾಸದಿಂದಲೇ ಪ್ರಿಂಟರ್ ಸೇರಿಸಿದೆ. ಈಗ ಶೇರಿಂಗ್ ಅನ್ನುವುದೇ ಇಲ್ಲ. ಒಂದು ಕಂಪ್ಯೂಟರ್ ಮಲಗಿದರೂ ಉಳಿದೆರಡರಿಂದ ಪ್ರಿಂಟ್ ಬರುತ್ತದೆ. ಅವತ್ತಿನಿಂದ ಆ ಎರರ್ ಕಂಡಿಲ್ಲ.

ಇನ್ನೊಂದು ವಿಷಯ ಗಮನಕ್ಕೆ ಬಂತು. ಈ ತೊಂದರೆ ಯಾವಾಗಲೂ ಬುಧವಾರವೇ ಯಾಕೆ? ವಿಂಡೋಸ್‌ನ ಮುಖ್ಯ ಅಪ್‌ಡೇಟ್ ಬರುವುದು ಪ್ರತಿ ತಿಂಗಳ ಎರಡನೇ ಮಂಗಳವಾರ. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಬೆಳಗ್ಗೆ ಹತ್ತು ಗಂಟೆ ಅಂದರೆ ನಮಗೆ ರಾತ್ರಿ ಹತ್ತೂವರೆ, ಚಳಿಗಾಲದಲ್ಲಿ ಹನ್ನೊಂದೂವರೆ. ನಾವು ಬಾಗಿಲು ಹಾಕಿದ ಮೇಲೆ ಬರುತ್ತದೆ, ಬುಧವಾರ ಬೆಳಗ್ಗೆ ನಮ್ಮ ಎದುರು ಕೂರುತ್ತದೆ. ಇದು ಗೊತ್ತಾದ ಮೇಲೆ ಅರ್ಧ ಭಯ ಹೋಯಿತು. ಹಬ್ಬದ ಹಾಗೆ ಮೊದಲೇ ದಿನ ಗೊತ್ತಿರುವ ಸಂಗತಿ ಇದು, ಅಲ್ವಾ? ಗೋಡೆಯ ಕ್ಯಾಲೆಂಡರ್‌ನಲ್ಲಿ ಹನ್ನೆರಡು ತಿಂಗಳಿಗೂ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದೆ.

ಈಗ ನಾನು ಮಾಡುವುದು ಇಷ್ಟು. ಆ ಮಂಗಳವಾರದ ಹಿಂದಿನ ದಿನ ಮುಂದಿನ ಕಂಪ್ಯೂಟರ್‌ನಲ್ಲೂ ಬಿಲ್ಲಿಂಗ್ ಕಂಪ್ಯೂಟರ್‌ನಲ್ಲೂ ಸೆಟ್ಟಿಂಗ್ಸ್‌ಗೆ ಹೋಗಿ ಅಪ್‌ಡೇಟ್ ತಡೆಹಿಡಿಯುತ್ತೇನೆ. ಪಾಝ್ ಅಂತ ಇರುತ್ತದೆ. ಮೊದಲು ಹೋಮ್ ಎಡಿಷನ್‌ನಲ್ಲಿ ಇದು ಇರಲಿಲ್ಲ, 2019ರಿಂದ ಬಂತು. ವಿಂಡೋಸ್ 10ರಲ್ಲಿ ಏಳು ಏಳು ದಿನದಂತೆ 35 ದಿನದವರೆಗೆ ತಡೆಯಬಹುದು. ಒಳಗಿನ ಇನ್ನೊಂದು ಕಂಪ್ಯೂಟರನ್ನು ಮಾತ್ರ ಬಿಡುತ್ತೇನೆ. ಅದು ಬುಧವಾರ ರಾತ್ರಿಯೇ ಅಪ್‌ಡೇಟ್ ಆಗುತ್ತದೆ. ಹತ್ತು ಹನ್ನೆರಡು ದಿನ ಅದರಲ್ಲಿ ಪ್ರಿಂಟ್, ಸ್ಕ್ಯಾನರ್, ನುಡಿ ಕೀಬೋರ್ಡ್, ಬೆರಳಚ್ಚು ಯಂತ್ರ ಎಲ್ಲ ನೋಡುತ್ತೇನೆ. ಸರಿಯಿದ್ದರೆ ಅದರ ಮುಂದಿನ ಭಾನುವಾರ ಉಳಿದೆರಡಕ್ಕೂ ಬಿಡುತ್ತೇನೆ. ಅಷ್ಟರಲ್ಲಿ ಅಪ್‌ಡೇಟ್‌ನಲ್ಲಿ ಏನಾದರೂ ದೋಷ ಇದ್ದರೆ ಊರೆಲ್ಲ ಗೊತ್ತಾಗಿರುತ್ತದೆ.

ಭಾನುವಾರ ಮಧ್ಯಾಹ್ನ ಒಂದಕ್ಕೆ ಬಾಗಿಲು ಅರ್ಧ ಎಳೆದು ಕೂರುತ್ತೇನೆ. ಮೊದಲ ಕೆಲಸ ಪರಿಚಯದ ಲೈನ್‌ಮನ್‌ಗೆ ಫೋನ್. "ಇವತ್ತು ಕರೆಂಟ್ ತೆಗೀತೀರಾ ಅಣ್ಣ?" ಅಂತ ಕೇಳದೆ ಅಪ್‌ಡೇಟ್ ಶುರು ಮಾಡುವುದಿಲ್ಲ. ನನ್ನ ಯುಪಿಎಸ್ ತಡೆಯುವುದು ಹದಿನೈದು ನಿಮಿಷ. ಅಪ್‌ಡೇಟ್ ನಡುವೆ ಕರೆಂಟ್ ಹೋಗಿ ಒಮ್ಮೆ ಒಂದು ಕಂಪ್ಯೂಟರ್ ಏಳಲೇ ಇಲ್ಲ. ಅಪ್‌ಡೇಟ್‌ಗಿಂತ ಕರೆಂಟ್ ಮಾಡುವ ಹಾನಿ ಜಾಸ್ತಿ ಅಂತ ನನ್ನ ಅನುಭವ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಕೆಲಸ ಮಾಡುವವರು ಆ ಸಂಪರ್ಕವನ್ನು ಮೀಟರ್ಡ್, ಅಂದರೆ ಡೇಟಾಗೆ ಮಿತಿ ಇರುವುದು, ಅಂತ ಗುರುತು ಮಾಡಿಕೊಳ್ಳಿ. ಇಲ್ಲದಿದ್ದರೆ ದಿನದ ಡೇಟಾ ಬೆಳಗ್ಗೆಯೇ ಖಾಲಿ.

ಕಂಪ್ಯೂಟರ್ ಏಳದೇ ಹೋದಾಗ ಮಾಡಿದ್ದು ಹೇಳುತ್ತೇನೆ. ಆನ್ ಆಗುವ ಹೊತ್ತಿಗೆ ಪವರ್ ಬಟನ್ ಒತ್ತಿಹಿಡಿದು ಎರಡು ಮೂರು ಸಲ ಆಫ್ ಮಾಡಿದರೆ ರಿಪೇರಿ ಪರದೆ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಅದರೊಳಗೆ ಅಪ್‌ಡೇಟ್ ತೆಗೆದುಹಾಕುವ ದಾರಿ ಇದೆ. ತಿಂಗಳ ಅಪ್‌ಡೇಟ್ ಬೇರೆ, ವರ್ಷಕ್ಕೊಮ್ಮೆ ಬರುವ ದೊಡ್ಡ ಫೀಚರ್ ಅಪ್‌ಡೇಟ್ ಬೇರೆ. ದೊಡ್ಡದನ್ನು ಹಿಂದಕ್ಕೆ ಕಳಿಸಲು ಸಾಮಾನ್ಯವಾಗಿ ಹತ್ತೇ ದಿನ ಅವಕಾಶ. ಆ ಹತ್ತು ದಿನ ಜಾಗ ಉಳಿಸಲು ಅಂತ ಡಿಸ್ಕ್ ಕ್ಲೀನಪ್ ಮಾಡಬೇಡಿ, ಹಳೆಯ ವಿಂಡೋಸ್ ಫೋಲ್ಡರ್ ಹೋದರೆ ವಾಪಸ್ ಬರುವ ದಾರಿಯೂ ಹೋಯಿತು.

2024ರ ಜುಲೈನಲ್ಲಿ ಒಬ್ಬರು ಮೇಷ್ಟ್ರು ಲ್ಯಾಪ್‌ಟಾಪ್ ತಂದರು. ಅದರ ಹಿಂದಿನ ದಿನ, 19ನೇ ತಾರೀಖು, ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ತಂತ್ರಾಂಶದ ತಪ್ಪು ಅಪ್‌ಡೇಟ್‌ನಿಂದ ಜಗತ್ತಿನಲ್ಲಿ ಸುಮಾರು 85 ಲಕ್ಷ ಕಂಪ್ಯೂಟರ್ ನಿಂತಿದ್ದವು. ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟಿದ್ದರು. ಟಿವಿಯಲ್ಲಿ ನೀಲಿ ಪರದೆ ನೋಡಿದ್ದ ಮೇಷ್ಟ್ರು ತಮ್ಮದೂ ಅದೇ ಅಂದುಕೊಂಡಿದ್ದರು.

"ಇಲ್ಲ ಸಾರ್, ಇದು ಬೀಗದ ಕೈ ಕೇಳ್ತಿದೆ," ಅಂದೆ.

ಆ ತಿಂಗಳ ಅಪ್‌ಡೇಟ್ ಆದ ಮೇಲೆ ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ಬಿಟ್‌ಲಾಕರ್ 48 ಅಂಕಿಯ ಕೀ ಕೇಳುತ್ತಿತ್ತು. ತಮ್ಮ ಲ್ಯಾಪ್‌ಟಾಪ್‌ಗೆ ಅಂಥ ಬೀಗ ಬಿದ್ದಿದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ. ಮೊದಲ ಸಲ ಆನ್ ಮಾಡಿ ಇಮೇಲ್ ಹಾಕಿಕೊಟ್ಟವನು ಬೆಂಗಳೂರಿನ ಮಗ. ಅವನಿಗೆ ಫೋನ್ ಮಾಡಿದೆವು. ಅವನ ಮೈಕ್ರೋಸಾಫ್ಟ್ ಖಾತೆಯಲ್ಲಿ ಕೀ ಇತ್ತು. ಪರದೆ ಮೇಲಿನ ಕೀ ಐಡಿ ತಾಳೆ ನೋಡಿಕೊಂಡು, ಅವನು ಆರು ಆರು ಅಂಕಿಯಾಗಿ ಎಂಟು ಸಲ ಓದಿದ. ಮೇಷ್ಟ್ರು ಒಂದೊಂದನ್ನೂ ಗಟ್ಟಿಯಾಗಿ ಹೇಳಿ ಹೇಳಿ ನೋಟ್‌ಬುಕ್‌ನಲ್ಲಿ ಬರೆದುಕೊಂಡರು. ಟೈಪ್ ಮಾಡಿ ಎಂಟರ್ ಒತ್ತಿದೆ, ತೆರೆಯಿತು. ಹನ್ನೆರಡು ವರ್ಷದ ಪ್ರಶ್ನೆಪತ್ರಿಕೆಗಳೆಲ್ಲ ಅದರಲ್ಲಿದ್ದವು. ಈಗ ಯಾರೇ ಹೊಸ ಲ್ಯಾಪ್‌ಟಾಪ್ ತಂದರೂ ಮೊದಲು ಕೀ ಪ್ರಿಂಟ್ ತೆಗೆದು ಮಾರ್ಕ್ಸ್‌ಕಾರ್ಡ್ ಇಡುವ ಫೈಲ್‌ನಲ್ಲೇ ಇಡಿ ಅಂತ ಕೊಡುತ್ತೇನೆ. ದುಡ್ಡು ತೆಗೆದುಕೊಳ್ಳುವುದಿಲ್ಲ.

ಅಪ್‌ಡೇಟನ್ನೇ ಪೂರ್ತಿ ನಿಲ್ಲಿಸಿಕೊಡಿ ಅಂತ ಕೇಳುವವರೂ ಇದ್ದಾರೆ. ನಾನು ಮಾಡಿಕೊಡುವುದಿಲ್ಲ. ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ 2017ರ ವನ್ನಾಕ್ರೈ ವೈರಸ್ ನೆನಪಿದೆ. ಆ ತೂತಿಗೆ ತೇಪೆ ಮಾರ್ಚ್ 14ಕ್ಕೇ ಬಂದಿತ್ತು. ದಾಳಿ ಆದದ್ದು ಮೇ 12ಕ್ಕೆ. ಎರಡು ತಿಂಗಳಾದರೂ ತೇಪೆ ಹಾಕದವರ ಫೈಲುಗಳಿಗೆ ಬೀಗ ಬಿತ್ತು. ಹತ್ತು ದಿನ ತಡ ಮಾಡುವುದು ಬೇರೆ, ಬಾಗಿಲೇ ಇಲ್ಲದೆ ಇರುವುದು ಬೇರೆ.

ಆ ಮೂರಲ್ಲದೆ ನನ್ನ ಹಳೇ ಕಂಪ್ಯೂಟರ್ ಒಂದು ಬಾಕಿ ಇತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯಿತು. ಅದರ ಪ್ರೊಸೆಸರ್ ಹಳೆಯದು, ವಿಂಡೋಸ್ 11 ಒಪ್ಪುವುದಿಲ್ಲ. ಆದರೆ ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶದಲ್ಲಿ ಹಳೇ ನುಡಿ ಫಾಂಟ್‌ನಲ್ಲಿ ಮಾಡಿದ ಲಗ್ನಪತ್ರಿಕೆಗಳೆಲ್ಲ ಅದರಲ್ಲೇ ಇವೆ. ಅಕ್ಕನ ಮದುವೆ ಪತ್ರಿಕೆ ತೋರಿಸಿ ಹಾಗೇ ತಮ್ಮನದೂ ಬೇಕು ಅಂತ ಈಗಲೂ ಬರುತ್ತಾರೆ. ಅದರ ನೆಟ್ ಕೇಬಲ್ ಕಿತ್ತಿಟ್ಟಿದ್ದೇನೆ. ಪೆನ್‌ಡ್ರೈವ್ ಕೂಡ ಬೇರೆ ಕಂಪ್ಯೂಟರ್‌ನಲ್ಲಿ ಸ್ಕ್ಯಾನ್ ಆಗಿಯೇ ಅದಕ್ಕೆ ಹೋಗಬೇಕು. ಬಿಡುವಾದಾಗ ಒಂದೊಂದೇ ಫೈಲ್ ತೆಗೆದು ಎಲ್ಲ ಕಂಪ್ಯೂಟರ್‌ಗಳಲ್ಲೂ ಓದಲು ಬರುವ ಯೂನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಸರಿ ಇದೆಯಾ ನೋಡಿ, ಹೊಸ ಕಂಪ್ಯೂಟರ್‌ಗೆ ಹಾಕುತ್ತಿದ್ದೇನೆ. 2014ರವರೆಗಿನ ಪತ್ರಿಕೆಗಳು ಮುಗಿದಿವೆ.