ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರು ಬಾಯಿಯನ್ನು ಸ್ವಚ್ಛವಾಗಿಟ್ಟುಕೊಳ್ಳುವುದು ಹೇಗೆ?

ಹಲ್ಲಿನ ಸಾಲನ್ನು ಸರಿಪಡಿಸುವ ಕ್ಲಿಪ್ ಚಿಕಿತ್ಸೆಗೆ ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ ಹಿಡಿಯುತ್ತದೆ. ಮಣಿಪಾಲ, ಮಂಗಳೂರು, ದೇರಳಕಟ್ಟೆಯ ದಂತ ವೈದ್ಯಕೀಯ ಕಾಲೇಜುಗಳಲ್ಲಾಗಲಿ, ಮನೆ ಹತ್ತಿರದ ಕ್ಲಿನಿಕ್ಕಿನಲ್ಲಾಗಲಿ, ವಕ್ರದಂತ ತಜ್ಞರು ರೋಗಿಯನ್ನು ನೋಡುವುದು ನಾಲ್ಕರಿಂದ ಆರು ವಾರಕ್ಕೊಮ್ಮೆ, ಅದೂ ತಂತಿ ಬಿಗಿ ಮಾಡುವಷ್ಟು ಹೊತ್ತು ಮಾತ್ರ. ಉಳಿದ ದಿನಗಳಲ್ಲಿ ಹಲ್ಲಿನ ಹೊಣೆ ಹಲ್ಲು ಇದ್ದವರದ್ದೇ. ಸಾಲು ನೆಟ್ಟಗಾಗಿ ಕ್ಲಿಪ್ ಬಿಚ್ಚಿದ ದಿನ ಹಲ್ಲುಗಳ ಮೇಲೆ ಚೌಕಟ್ಟು ಬರೆದಂತೆ ಬಿಳಿ ಕಲೆಗಳು ಕಾಣಿಸಿಕೊಂಡರೆ, ಖರ್ಚು ಮಾಡಿದ ಹಣಕ್ಕೂ ಪಟ್ಟ ಪಾಡಿಗೂ ಅರ್ಧ ಫಲವಷ್ಟೇ ಸಿಕ್ಕಂತಾಗುತ್ತದೆ.

ಈ ಕಲೆ ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಮುಂದಿನ ಕ್ರಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಹಲ್ಲಿನ ಮೇಲೆ ಅಂಟಿಕೊಳ್ಳುವ ಮೆತ್ತನೆಯ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳು ನಾವು ತಿಂದ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆಮ್ಲ ಹೆಚ್ಚಿದಷ್ಟೂ ಇಳಿಯುವ ಪಿಎಚ್ ಮಟ್ಟ ಅಲ್ಲಿ ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್‌ನಿಂದ ಖನಿಜಾಂಶ ಕರಗಿ ಹೊರಹೋಗತೊಡಗುತ್ತದೆ. ಜೊಲ್ಲು ಆ ನಷ್ಟವನ್ನು ನಿಧಾನವಾಗಿ ತುಂಬಿಕೊಡುತ್ತದೆಯಾದರೂ, ತಂತಿಯನ್ನು ಹಿಡಿದಿಡಲು ಹಲ್ಲಿಗೆ ಅಂಟಿಸಿದ ಪುಟ್ಟ ತುಂಡು, ಅಂದರೆ ಬ್ರಾಕೆಟ್, ಮತ್ತು ವಸಡಿನ ನಡುವೆ ಉಳಿಯುವ ಕಿರಿದಾದ ಪಟ್ಟಿಯಲ್ಲಿ ಪಾಚಿ ದಪ್ಪವಾಗಿ ಕೂತುಬಿಟ್ಟರೆ ಅದಕ್ಕೆ ಆ ಅವಕಾಶವೇ ಸಿಗುವುದಿಲ್ಲ. ಸರಿಯಾಗಿ ಉಜ್ಜದಿದ್ದರೆ ಒಂದು ತಿಂಗಳೊಳಗೇ ಕಲೆ ಮೂಡಬಹುದು. ಟಿಶ್ಯೂ ಕಾಗದದಿಂದ ಹಲ್ಲನ್ನು ಒರೆಸಿ ಒಣಗಿಸಿ ಬೆಳಕಿನಲ್ಲಿ ನೋಡಿದಾಗ ಬ್ರಾಕೆಟ್ಟಿನ ಅಂಚಿನಲ್ಲಿ ಹೊಳಪಿಲ್ಲದ, ಸೀಮೆಸುಣ್ಣದ ಬಣ್ಣದ ಗೆರೆ ಕಂಡರೆ ಅದೇ ಆರಂಭ. ಮೇಲ್ದವಡೆಯ ಮುಂದಿನ ಎರಡು ದೊಡ್ಡ ಹಲ್ಲುಗಳ ಅಕ್ಕಪಕ್ಕದ ಚಿಕ್ಕ ಹಲ್ಲುಗಳಲ್ಲಿ ಇದು ಹೆಚ್ಚು.

ಉಜ್ಜುವ ಕ್ರಮ

ಬ್ರಷ್ಷಿನ ಎಳೆಗಳು ಮೆದುವಾಗಿರಬೇಕು. ನಡುವಿನ ಎಳೆಗಳನ್ನು ಗಿಡ್ಡವಾಗಿ ಕತ್ತರಿಸಿದ ಆರ್ಥೊಡಾಂಟಿಕ್ ಬ್ರಷ್ ಸಿಕ್ಕಿದರೆ ಒಳ್ಳೆಯದು. ಅದರ ಜೊತೆಗೆ ತಂತಿಯ ಅಡಿಗೆ ತೂರಿಸಬಹುದಾದ ಪುಟ್ಟ ಬ್ರಷ್, ಅಂದರೆ ಇಂಟರ್‌ಡೆಂಟಲ್ ಬ್ರಷ್, ಇರಲೇಬೇಕು. ಉಳಿದ ಸಾಮಗ್ರಿಗಳಲ್ಲಿ ಯಾವುದನ್ನು ಬಿಟ್ಟರೂ ಇದನ್ನು ಬಿಡಬಾರದು ಎಂಬುದು ನನ್ನ ಅಭಿಪ್ರಾಯ.

ಮೇಲಿನ ಮತ್ತು ಕೆಳಗಿನ ಹಲ್ಲುಗಳ ನಡುವೆ ಸಿಕ್ಕಿಸಿಕೊಳ್ಳಲು ವೈದ್ಯರು ಕೊಟ್ಟ ರಬ್ಬರುಗಳಿದ್ದರೆ ಅವನ್ನು ತೆಗೆದಿಟ್ಟು, ಬಾಯಿಗೆ ನೀರು ಹಾಕಿ ಜೋರಾಗಿ ಮುಕ್ಕಳಿಸಿ ಸಿಕ್ಕಿಕೊಂಡ ಅಗುಳನ್ನೆಲ್ಲ ಮೊದಲು ಹೊರಹಾಕಬೇಕು. ಆಮೇಲೆ ಬ್ರಷ್ಷನ್ನು ವಸಡಿನ ಕಡೆಗೆ 45 ಡಿಗ್ರಿ ಓರೆಯಾಗಿ ಹಿಡಿದು, ಬ್ರಾಕೆಟ್ ಮತ್ತು ವಸಡಿನ ನಡುವಿನ ಆ ಪಟ್ಟಿಯ ಮೇಲೆ ಎಳೆಗಳ ತುದಿ ಕೂರುವಂತೆ ಇಟ್ಟು, ಎರಡೆರಡು ಹಲ್ಲುಗಳಿಗೆ ಹತ್ತು ಎಣಿಸುವಷ್ಟು ಹೊತ್ತು ಚಿಕ್ಕದಾಗಿ ಅಲುಗಿಸಬೇಕು. ಉದ್ದಕ್ಕೆ ಗರಗರ ತಿಕ್ಕಿದರೆ ಎಳೆಗಳು ಬ್ರಾಕೆಟ್ಟಿನ ತಲೆಯ ಮೇಲಷ್ಟೇ ಓಡಾಡಿ, ಪಾಚಿ ಇದ್ದಲ್ಲೇ ಉಳಿಯುತ್ತದೆ. ನಂತರ ಬ್ರಷ್ಷನ್ನು ತಿರುಗಿಸಿ ಬ್ರಾಕೆಟ್ಟಿನ ಇನ್ನೊಂದು ಅಂಚನ್ನು ಹಾಗೆಯೇ ಉಜ್ಜಿ, ಬ್ರಾಕೆಟ್ಟಿನ ಮುಖ, ಹಲ್ಲಿನ ಒಳಬದಿ, ಅಗಿಯುವ ಮೇಲ್ಮೈ ಎಂಬ ಕ್ರಮದಲ್ಲಿ ಮುಂದುವರಿಯಬೇಕು. ಕೊನೆಗೆ ಪುಟ್ಟ ಬ್ರಷ್ಷನ್ನು ಎರಡು ಬ್ರಾಕೆಟ್ಟುಗಳ ನಡುವೆ ತಂತಿಯ ಹಿಂದಕ್ಕೆ ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ತೂರಿಸಿ ನಾಲ್ಕಾರು ಬಾರಿ ಆಡಿಸಬೇಕು. ಇಷ್ಟಕ್ಕೆಲ್ಲ ನಾಲ್ಕೈದು ನಿಮಿಷ ಬೇಕು. ಬೆಳಿಗ್ಗೆ ಶಾಲೆಯ ಬಸ್ಸು ಗೇಟಿನ ಮುಂದೆ ಹಾರ್ನ್ ಹಾಕುತ್ತಿರುವಾಗ ಇದು ಆಗುವ ಕೆಲಸವಲ್ಲವಾದ್ದರಿಂದ, ರಾತ್ರಿ ಮಲಗುವ ಮೊದಲಿನ ಉಜ್ಜುವಿಕೆಯನ್ನಾದರೂ ಪೂರ್ಣವಾಗಿ ಮಾಡಬೇಕು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ರಾತ್ರಿ ಉಳಿದ ಪಾಚಿಯೇ ಹೆಚ್ಚು ಅಪಾಯಕಾರಿ.

ಉಜ್ಜುವಾಗ ವಸಡಿನಿಂದ ರಕ್ತ ಬಂದರೆ ಮಕ್ಕಳು ಹೆದರಿ ಆ ಜಾಗವನ್ನು ಬಿಟ್ಟುಬಿಡುತ್ತಾರೆ. ಮಾಡಬೇಕಾದದ್ದು ಅದಕ್ಕೆ ತದ್ವಿರುದ್ಧ. ಪಾಚಿ ನಿಂತು ವಸಡು ಊದಿಕೊಂಡಿರುವುದೇ ಸಾಮಾನ್ಯವಾಗಿ ರಕ್ತಕ್ಕೆ ಕಾರಣವಾದ್ದರಿಂದ, ಮೆದುವಾಗಿ ಆದರೆ ತಪ್ಪದೆ ಅಲ್ಲಿಯೇ ಉಜ್ಜಿದರೆ ಒಂದೆರಡು ವಾರದಲ್ಲಿ ಕಡಿಮೆಯಾಗುತ್ತದೆ. ಆಗದಿದ್ದರೆ ವೈದ್ಯರಿಗೆ ತೋರಿಸಬೇಕು.

ಪೇಸ್ಟಿನಲ್ಲಿ ಫ್ಲೋರೈಡ್ ಇರುವುದು ಕಡ್ಡಾಯವೆಂದೇ ತಿಳಿಯಬೇಕು. ಕೋಲಾರ, ತುಮಕೂರಿನಂಥ ಬಯಲುಸೀಮೆಯ ಹಲವು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅತಿಯಾಗಿ ತೊಂದರೆ ಕೊಡುತ್ತಿದ್ದರೆ, ಕರಾವಳಿಯ ಬಾವಿ ನೀರಿನಲ್ಲಿ ಅದು ಸಾಮಾನ್ಯವಾಗಿ ಕಡಿಮೆ. ನಮ್ಮ ದೇಶದ ನಿಯಮದಂತೆ ಪೇಸ್ಟಿನಲ್ಲಿ ಫ್ಲೋರೈಡ್ 1000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ಮೀರುವಂತಿಲ್ಲ, ಮತ್ತು ಅದರ ಪ್ರಮಾಣವನ್ನು ಟ್ಯೂಬಿನ ಮೇಲೆ ನಮೂದಿಸಬೇಕು. ಗಿಡಮೂಲಿಕೆಯ ಪೇಸ್ಟುಗಳಲ್ಲಿ ಅನೇಕಕ್ಕೆ ಫ್ಲೋರೈಡೇ ಇರುವುದಿಲ್ಲವಾದ್ದರಿಂದ ಕೊಳ್ಳುವಾಗ ಆ ಸಣ್ಣ ಅಕ್ಷರವನ್ನು ಓದಬೇಕು. ಉಜ್ಜಿದ ಮೇಲೆ ನೊರೆಯನ್ನು ಉಗಿದರೆ ಸಾಕು. ಚೊಂಬುಗಟ್ಟಲೆ ನೀರಿನಿಂದ ಮುಕ್ಕಳಿಸಿದರೆ ಫ್ಲೋರೈಡೂ ತೊಳೆದುಹೋಗುತ್ತದೆ. ಕಲೆಯ ಸಂಭವ ಹೆಚ್ಚಿರುವವರಿಗೆ ವೈದ್ಯರು ಶೇ 0.05ರ ಸೋಡಿಯಂ ಫ್ಲೋರೈಡ್ ಮೌತ್‌ವಾಶ್ ಸೂಚಿಸಬಹುದು. ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ಬೇರೆಯದೇ ಔಷಧ. ಅದನ್ನು ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ.

ಮಾವಿನೆಲೆಯಿಂದಲೂ ಉಮಿಯ ಮಸಿಯಿಂದಲೂ ಹಲ್ಲುಜ್ಜಿದ ಅಜ್ಜನ ಹಲ್ಲು ಕಡೆಯವರೆಗೂ ಗಟ್ಟಿಯಾಗಿತ್ತು ಎಂಬ ಮಾತು ನಮ್ಮೂರಿನ ಮನೆಗಳಲ್ಲಿ ಕೇಳಿಬರುವುದುಂಟು. ಅಜ್ಜನ ಹಲ್ಲಿಗೆ ಬ್ರಾಕೆಟ್ ಇರಲಿಲ್ಲ. ಮಸಿಯ ಒರಟು ಕಣಗಳು ಎನಾಮಲ್ಲನ್ನು ಸವೆಸುವುದಲ್ಲದೆ ಬ್ರಾಕೆಟ್ಟಿಗೆ ತಂತಿ ಕಟ್ಟುವ ರಬ್ಬರಿನ ಸಂದಿಯಲ್ಲಿ ಸೇರಿಕೊಂಡು ಹೊರಬರುವುದೇ ಇಲ್ಲ.

ತಟ್ಟೆಯಲ್ಲಿ ಏನಿರಬೇಕು

ತಂತಿ ಬಿಗಿ ಮಾಡಿದ ಮೂರು ನಾಲ್ಕು ದಿನ ಹಲ್ಲು ನೋಯುತ್ತದೆ. ಆಗ ಕುಚ್ಚಲಕ್ಕಿ ಗಂಜಿ, ನೀರುದೋಸೆ, ಇಡ್ಲಿ, ಮೂಡೆ, ಒತ್ತುಶ್ಯಾವಿಗೆ ಇವೆಲ್ಲ ಹೇಳಿ ಮಾಡಿಸಿದ ಆಹಾರ. ಈ ವಿಷಯದಲ್ಲಿ ಕರಾವಳಿಯವರು ಪುಣ್ಯವಂತರೇ ಸರಿ. ಕೋರಿರೊಟ್ಟಿಯನ್ನು ಸಾರಿನಲ್ಲಿ ಪೂರ್ತಿ ನೆನೆಸಿ ತಿನ್ನಬಹುದು, ಆದರೆ ಬಡಿಸುವ ಮೊದಲೇ ಒಣ ರೊಟ್ಟಿಯ ತುಂಡು ಮುರಿದು ಬಾಯಿಗೆ ಹಾಕಿಕೊಳ್ಳುವ ಅಭ್ಯಾಸವನ್ನು ಬಿಡಬೇಕು. ಬ್ರಾಕೆಟ್ ಕಿತ್ತುಬರುವುದು ಇಂಥ ಗಟ್ಟಿ ಪದಾರ್ಥಗಳಿಂದಲೇ: ಚಕ್ಕುಲಿ, ಹಲಸಿನ ಸೋಂಟೆ, ಸಾಂತಾಣಿ, ನೆಲಗಡಲೆ ಚಿಕ್ಕಿ, ಕೋಳಿಯ ಮೂಳೆ, ಅಡಿಕೆ. ಪೇರಳೆ, ಸೇಬು, ಮಾವಿನಕಾಯಿಯನ್ನು ಕಚ್ಚಿ ತಿನ್ನುವ ಬದಲು ಸಣ್ಣದಾಗಿ ಹೆಚ್ಚಿ ಹಿಂದಿನ ಹಲ್ಲಿನಿಂದ ಅಗಿಯಬೇಕು. ಒಮ್ಮೆ ಬ್ರಾಕೆಟ್ ಕಿತ್ತರೆ ಮತ್ತೆ ಅಂಟಿಸುವವರೆಗೆ ಆ ಹಲ್ಲು ಅಂದುಕೊಂಡಂತೆ ಸರಿಯದೆ ಚಿಕಿತ್ಸೆಯೇ ಎಳೆಯುತ್ತದೆ.

ಮಾವಿನ ರಸ ಒಣಗಿಸಿ ಮಾಡುವ ಮಾಂಬಳದ ಕಥೆ ಬೇರೆ. ಅದು ಮೆದುವಾದರೂ ಅಂಟು, ಸಿಹಿ ಮತ್ತು ಹುಳಿ ಮೂರೂ ಸೇರಿ ಬ್ರಾಕೆಟ್ಟಿನ ಸುತ್ತ ಗಂಟೆಗಟ್ಟಲೆ ಕೂರುತ್ತದೆ. ಹಲ್ವ, ಟಾಫಿಗಳೂ ಅದೇ ಜಾತಿ. ಸಿಹಿಯ ವಿಷಯದಲ್ಲಿ ಎಷ್ಟು ತಿಂದೆವು ಎಂಬುದಕ್ಕಿಂತ ಎಷ್ಟು ಸಲ ತಿಂದೆವು ಎಂಬುದೇ ಮುಖ್ಯ. ಪುನರ್ಪುಳಿ ಶರಬತ್ತಿನ ಬಾಟಲಿಯನ್ನು ಪಕ್ಕದಲ್ಲಿಟ್ಟುಕೊಂಡು ಮಧ್ಯಾಹ್ನವಿಡೀ ಗುಟುಕು ಗುಟುಕಾಗಿ ಕುಡಿದರೆ ಪ್ರತಿ ಗುಟುಕಿಗೂ ಹೊಸದಾಗಿ ಆಮ್ಲದ ದಾಳಿಯಾಗುತ್ತದೆ; ಅದನ್ನೇ ಊಟದ ಜೊತೆ ಒಮ್ಮೆಲೇ ಕುಡಿದು ನೀರಿನಿಂದ ಮುಕ್ಕಳಿಸಿದರೆ ಹಾನಿ ಕಡಿಮೆ. ಹುಳಿ ಕುಡಿದ ಕೂಡಲೇ ಉಜ್ಜದೆ ಅರ್ಧ ಗಂಟೆ ಬಿಡಬೇಕು. ಅರಿಶಿನ ಹಾಕಿದ ಗಸಿ ಉಂಡ ಮೇಲೆ ಬ್ರಾಕೆಟ್ಟಿನ ಬಿಳಿ ರಬ್ಬರು ಹಳದಿಯಾದರೆ ಗಾಬರಿ ಬೇಡ. ಅದು ಕೊಳೆಯಲ್ಲ, ಮುಂದಿನ ಭೇಟಿಯಲ್ಲಿ ಬದಲಾಗುತ್ತದೆ.

ತಂತಿ ಚುಚ್ಚಿದರೆ

ಕೆನ್ನೆಗೆ ಬ್ರಾಕೆಟ್ ಉಜ್ಜಿ ಹುಣ್ಣಾದರೆ, ಬ್ರಾಕೆಟ್ಟನ್ನು ಟಿಶ್ಯೂನಿಂದ ಒಣಗಿಸಿ ಕ್ಲಿಪ್ ಹಾಕಿದವರಿಗೆಂದೇ ಸಿಗುವ ಆರ್ಥೊಡಾಂಟಿಕ್ ಮೇಣವನ್ನು ಕಡಲೆಕಾಳಿನಷ್ಟು ತೆಗೆದು ಉಂಡೆ ಮಾಡಿ ಒತ್ತಬೇಕು. ಒದ್ದೆಯಾಗಿದ್ದರೆ ಮೇಣ ನಿಲ್ಲದು. ಒಂದು ಲೋಟ ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಮುಕ್ಕಳಿಸಿದರೆ ಹಿತವಾಗುತ್ತದೆ. ಹಿಂದಿನ ಹಲ್ಲಿನ ಬಳಿ ತಂತಿಯ ತುದಿ ಚುಚ್ಚುತ್ತಿದ್ದರೆ ಕಿವಿಗೆ ಹಾಕುವ ಹತ್ತಿಕಡ್ಡಿಯಿಂದ ಮೆಲ್ಲಗೆ ಒಳಕ್ಕೆ ಬಾಗಿಸಬಹುದು, ಬಗ್ಗದಿದ್ದರೆ ಮೇಣ ಹಚ್ಚಿ ಕ್ಲಿನಿಕ್ಕಿಗೆ ಫೋನ್ ಮಾಡಬೇಕು.

ಕ್ಲಿಪ್ ಬಿಚ್ಚಿದ ಮೇಲೆ

ಆಗ ಬಿಳಿ ಕಲೆ ಕಂಡರೂ ತಕ್ಷಣ ಬ್ಲೀಚಿಂಗ್‌ಗೆ ಓಡಬಾರದು. ಮೊದಲ ಕೆಲವು ತಿಂಗಳು ಜೊಲ್ಲು ಮತ್ತು ಫ್ಲೋರೈಡ್ ಪೇಸ್ಟಿನಿಂದಲೇ ಎಷ್ಟೋ ಕಲೆಗಳು ಮಸುಕಾಗುತ್ತವೆ, ಪೂರ್ತಿ ಹೋಗುವ ಖಾತರಿಯಿಲ್ಲ. ಸಾಲು ಮತ್ತೆ ಕೆಡದಂತೆ ಕೆಳದವಡೆಯ ಒಳಬದಿಗೆ ಅಂಟಿಸುವ ತೆಳು ತಂತಿಯ ಹಿಂದೆ ಪಾಚಿ ಗಟ್ಟಿಯಾಗಿ ಕಿಟ್ಟವಾಗುವುದರಿಂದ ಅಲ್ಲಿ ಪುಟ್ಟ ಬ್ರಷ್ ಮುಂದುವರಿಯಬೇಕು. ಅದೇ ಕೆಲಸಕ್ಕೆ, ಬೇಕೆಂದಾಗ ತೆಗೆದು ಮತ್ತೆ ಹಾಕಿಕೊಳ್ಳುವ ರಿಟೈನರ್ ಕೊಟ್ಟಿದ್ದರೆ ಅದನ್ನು ತಣ್ಣೀರಿನಲ್ಲೇ ತೊಳೆಯಬೇಕು, ಬಿಸಿನೀರಿಗೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಮದುವೆ ಊಟಕ್ಕೆ ಕೂತಾಗ ಅದನ್ನು ತೆಗೆದು ಕಾಗದದಲ್ಲಿ ಸುತ್ತಿ ಎಲೆಯ ಪಕ್ಕ ಇಟ್ಟರೆ, ಎಲೆ ಎತ್ತುವವರು ಎಲೆಯೊಡನೆ ಅದನ್ನೂ ಎತ್ತಿಕೊಂಡು ಹೋಗುತ್ತಾರೆ. ಹಾಗಾಗಿ ಅದರ ಡಬ್ಬಿ ಜೇಬಿನಲ್ಲೇ ಇರಲಿ.